ಕೀಲೆಣ್ಣೆ

೯ ನವೆಂಬರ್ ೧೯೬೪, ಸೋಮವಾರ

ಬೆಳಿಗ್ಗೆ ಒಂಬತ್ತೂಕಾಲಿಗೆ ಹುಲ್ಲು ಕತ್ತರಿಸುವ ಯಂತ್ರವನ್ನು ನಿಲ್ಲಿಸಲಾಯಿತು. ನಾಲ್ಕನೆಯ ತಾಕಿನ ನಡುವೆ. ಮೂರು ದಿನದಿಂದಲೇ ಕತ್ತರಿಸಿದ ಹುಲ್ಲು ಒಂದು ಮಟ್ಟಕ್ಕೆ ಬರುತ್ತಿರಲಿಲ್ಲ. ಎಡಗಡೆ ಗೇಣಗಲದ ಪಟ್ಟಿಯೊಂದು ಎರಡು ಬೆರಳು ಎತ್ತರ ಉಳಿಯುತ್ತಿತ್ತು. ಇಂದು ಕಬ್ಬಿಣ ಕಬ್ಬಿಣವನ್ನು ಉಜ್ಜುವ ಸದ್ದು ಬಂತು, ಆಮೇಲೆ ಒಂದು ಕಿರುಚು. ಚಾಲಕ ಇಳಿದು ನಿಂತ. ನಾನು ಕಚೇರಿಯ ಕಿಟಕಿಯಿಂದ ನೋಡಿದೆ.

ಯಂತ್ರ ಚಿಕ್ಕದು. ನಾಲ್ಕು ವರ್ಷದ ಹಿಂದೆ ನೆರವಿನ ಯೋಜನೆಯಲ್ಲಿ ಅಮೆರಿಕದಿಂದ ಮರದ ಪೆಟ್ಟಿಗೆಯಲ್ಲಿ ಬಂದದ್ದು. ಎತ್ತಿಗಿಂತ ಗಿಡ್ಡನೆಯ ಟ್ರ್ಯಾಕ್ಟರು, ಅದರ ಹೊಟ್ಟೆಯ ಕೆಳಗೆ ಬೋರಲು ಹಾಕಿದ ಬಾಣಲೆಯಂಥ ಕವಚ, ಕವಚದೊಳಗೆ ಎರಡು ಅಲಗು. ಒಂದೊಂದು ಅಲಗೂ ಒಂದೊಂದು ಕದಿರಿನ ತುದಿಯಲ್ಲಿ ತಿರುಗುತ್ತದೆ. ದಾಸನಕೊಪ್ಪದ ಈ ಹುಲ್ಲು ಕೇಂದ್ರದಲ್ಲಿ ಹನ್ನೊಂದು ಜಾತಿಯ ಹುಲ್ಲು ಬೆಳೆದು, ಹದಿನೈದು ದಿನಕ್ಕೊಮ್ಮೆ ಒಂದೇ ಎತ್ತರಕ್ಕೆ ಕತ್ತರಿಸಿ, ತೂಗಿ ಬರೆಯುವುದು ನಮ್ಮ ಕೆಲಸ. ಕತ್ತಿಯಿಂದ ಕೊಯ್ದರೆ ಒಂದೇ ಎತ್ತರ ಬರುವುದಿಲ್ಲ.

ಚಾಲಕ ಕವಚದ ಕೆಳಗೆ ಕೈ ಹಾಕಿ ಎಡ ಅಲಗನ್ನು ಆಡಿಸಿ ತೋರಿಸಿದ. ಸಡಿಲ ಹಲ್ಲಿನಂತೆ ಆಡಿತು. ಇನ್ನು ಮುಟ್ಟಬೇಡ ಎಂದು ಹೇಳಲಾಯಿತು.

೧೦ ನವೆಂಬರ್, ಮಂಗಳವಾರ

ಜಿಲ್ಲಾ ಕಚೇರಿಗೆ ಬರೆದೆ. ಸುಮ್ಮನೆ ಕೂತರೆ ಆಗದೆಂದು ಕದಿರನ್ನು ಬಿಚ್ಚಿಸಿದೆ. ಚಾಲಕನ ಹೆಸರು ಹೊನ್ನ. ಇಲ್ಲಿ ಏಳು ವರ್ಷ ಹುಲ್ಲು ಕೊಯ್ಯುವ ಆಳಾಗಿದ್ದವನು. ಹಿಂದಿನ ಚಾಲಕ ವರ್ಗವಾದ ಮೇಲೆ, ಒಂದೂವರೆ ವರ್ಷದಿಂದ ಹಂಗಾಮಿ ಚಾಲಕ. ಖಾಯಂ ಮಾಡುವ ಕಾಗದ ಜಿಲ್ಲಾ ಕಚೇರಿಯಲ್ಲಿದೆ.

ಮೂರನೇ ಇಯತ್ತೆ ಓದಿದ್ದಾನೆ. ಶೆಡ್ಡಿನ ಬಾಗಿಲಿಗೆ ಅಂಟಿಸಿದ ಸೂಚನೆಗಳನ್ನು ದಿನಾ ಬೆಳಿಗ್ಗೆ ಗಟ್ಟಿಯಾಗಿ ಓದಿಕೊಂಡೇ ಕೆಲಸ ಶುರು ಮಾಡುವವನು. ಇಂದೂ ನಟ್ಟು ಬಿಚ್ಚುವಾಗ ತುಟಿ ಆಡುತ್ತಿತ್ತು. ‘ಆರನೆಯದು. ಪ್ರತಿದಿನ ಕದಿರಿನ ಬಟ್ಟಲಿಗೆ ಕೀಲೆಣ್ಣೆ ತುಂಬಿ, ಮುಚ್ಚಳವನ್ನು ಒಂದು ಸುತ್ತು ತಿರುಗಿಸತಕ್ಕದ್ದು.’ ನನ್ನ ವಾಕ್ಯ ಅವನ ಬಾಯಲ್ಲಿ ಚೆನ್ನಾಗಿ ಕೇಳುತ್ತದೆ.

ಆ ಸೂಚನೆಗಳು ಯಂತ್ರದ ಜೊತೆ ಬಂದ ಪುಸ್ತಕದಿಂದ ನಾನು ಕನ್ನಡಿಸಿದವು. ಇಡೀ ಪುಸ್ತಕ, ಎಂಟು ತಿಂಗಳ ಕೆಲಸ. ಮುಂಬಯಿ ಸರ್ಕಾರದ ಕಾಲದಲ್ಲಿ ಇಂಗ್ಲಿಷ್, ಮರಾಠಿಯಲ್ಲಿ ಬರೆದೂ ಬರೆದೂ ಕೈ ಜಡ್ಡಾಗಿತ್ತು. ಇದರಲ್ಲಿ ಒಂದು ಪರಭಾಷೆಯ ಮಾತೂ ಬೇಡವೆಂದು ಹಟ ಹಿಡಿದೆ. ಸ್ಪಿಂಡಲ್‌ಗೆ ಕದಿರು, ಬೇರಿಂಗ್‌ಗೆ ಗೋಲಿಬಳೆ. ಇಲಾಖೆ ಮೆಚ್ಚಿ ಅಚ್ಚು ಹಾಕಿಸುತ್ತಿದೆ.

೧೨ ನವೆಂಬರ್, ಗುರುವಾರ

ಜಿಲ್ಲಾ ಕಚೇರಿಯ ಉತ್ತರ. ಸಾಹೇಬರು ೨೫ಕ್ಕೆ ಖುದ್ದು ಬರುತ್ತಾರೆ. ಅಷ್ಟರೊಳಗೆ ಯಂತ್ರ ಓಡದಿದ್ದರೆ ಅದನ್ನು ಯಲ್ಲಾಪುರದ ಕೇಂದ್ರಕ್ಕೆ ಕಳಿಸಲಾಗುವುದು, ಅಲ್ಲಿ ಚಾಲಕನಿದ್ದಾನೆ. ಓಡಿದರೂ ಸವೆತಕ್ಕೆ ಕಾರಣ ಏನೆಂದು ನಾನು ವರದಿ ಮಾಡಬೇಕು. ಚಾಲಕನ ಅಲಕ್ಷ್ಯವೆಂದು ಕಂಡುಬಂದಲ್ಲಿ ಅವನನ್ನು ತೆಗೆಯತಕ್ಕದ್ದು, ಮತ್ತೆ ಯಾವ ಕೇಂದ್ರದಲ್ಲೂ ತೆಗೆದುಕೊಳ್ಳತಕ್ಕದ್ದಲ್ಲ.

ಕೊನೆಗೆ ಕೈಬರಹದ ಒಂದು ಸಾಲು: ನಿಮ್ಮ ಪುಸ್ತಕದ ಅಚ್ಚಿನ ಕೆಲಸ ಬರುವ ತಿಂಗಳು ಮುಗಿಯುತ್ತದೆ.

ಹೊನ್ನನಿಗೆ ಮೊದಲ ಭಾಗ ಓದಿ ಹೇಳಿದೆ. ಅಲಕ್ಷ್ಯ ಅಂದರೆ ಎಂತ ಎಂದು ಕೇಳಿದ. ಹೇಳಿದೆ. ಒಂದು ದಿನವೂ ಬಿಟ್ಟಿಲ್ಲ ಎಂದ. ಅದು ನಿಜವೆಂದೇ ತೋರುತ್ತದೆ.

೧೪ ನವೆಂಬರ್, ಶನಿವಾರ

ಎಡ ಕದಿರು, ಅದರ ಗೂಡು, ಗೋಲಿಬಳೆ ಎಲ್ಲವನ್ನೂ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಸಿರ್ಸಿಗೆ ಒಯ್ದೆ. ಇಸಳೂರು ದಾಟುವವರೆಗೂ ಪಕ್ಕದವನು ಒಳಗೆ ಏನಿದೆಯೆಂದು ಕೇಳುತ್ತಲೇ ಇದ್ದ. ಕೊನೆಗೆ ಮೂಳೆ ಎಂದೆ. ಎದ್ದು ಬೇರೆ ಕಡೆ ಕೂತ.

ಬಸ್‌ಸ್ಟ್ಯಾಂಡಿನ ಹಿಂದೆ ಮಡಿವಾಳಪ್ಪನ ಲೇತು. ಹಾವೇರಿ ಕಡೆಯವನು, ಬಸ್ಸುಗಳ ಕೆಲಸ ಮಾಡುತ್ತಾನೆ. ಕದಿರು ಸವೆದಿದೆ ಎಂದೆ. ‘ಕದರು? ನೂಲು ತಗೀತೀರೇನ್ರಿ ಸಾಹೇಬ್ರ?’ ಎಂದು ನಕ್ಕ. ಗೋಣಿ ಬಿಚ್ಚಿದ ಮೇಲೆ ನಗಲಿಲ್ಲ. ಕದಿರನ್ನು ಬಟ್ಟೆಯಿಂದ ಒರೆಸಿ ಉಗುರು ಎಳೆದ. ಗೋಲಿಬಳೆ ಕೂರುವ ಜಾಗದಲ್ಲಿ ಉಗುರು ಸಿಕ್ಕಿಕೊಂಡಿತು. ಆಮೇಲೆ ಬಳೆಯೊಳಗಿನ ಕಪ್ಪು ಮಡ್ಡಿಯನ್ನು ಕಡ್ಡಿಯಿಂದ ಕೆರೆದು ಹೆಬ್ಬೆರಳಿನಲ್ಲಿ ಹೊಸಕಿದ, ಮೂಸಿದ.

‘ಇದಕ್ಕ ಏನ್ ತುಂಬೀರಿ?’

ಗೊತ್ತಿಲ್ಲ ಎಂದೆ.

‘ಕೀಲೆಣ್ಣಿ ಐತ್ರಿ ಇದು. ಔಡಲೆಣ್ಣಿ, ಸುಟ್ಟ ಹುಲ್ಲಿನ ಬೂದಿ. ಚಕ್ಕಡಿ ಗಾಲಿ ತಾಸಿಗೆ ಎರಡು ಮೈಲಿ ಹೋಗತೈತಿ, ತಡಕೋತೈತಿ. ಇದು ನಿಮಿಷಕ್ಕ ಸಾವಿರ ಸಲ ತಿರಗೂದು. ಬೂದಿ ಅಂದ್ರ ಇದಕ್ಕ ಅರ ಇದ್ದಂಗ. ದಿನಾ ಮುಂಜಾನೆ ಅರ ಹಾಕಿ ತಿಕ್ಕೀರಿ ನೀವು.’

ಬಸ್ಸಿನ ಹಳೆಯ ಆಕ್ಸಲ್ಲಿನ ತುಂಡಿನಿಂದ ಹೊಸದು ಕಡೆದು ಕೊಡುತ್ತೇನೆ, ಶುಕ್ರವಾರ ಬರ್ರಿ ಎಂದ. ಎಡಕಿನದು ಸತ್ತೈತಿ, ಬಲಕಿನದನ್ನೂ ಬಿಚ್ಚಿ ನೋಡ್ರಿ ಎಂದ.

ಆ ವಾಸನೆ ನನಗೆ ಗೊತ್ತಿತ್ತು. ಬನವಾಸಿಯಲ್ಲಿ ನಮ್ಮ ತಂದೆಯ ಬಂಡಿಗಳ ಅಚ್ಚಿನ ಕೆಳಗೆ ಬಿದಿರಿನ ಗೊಟ್ಟದಲ್ಲಿ ತೂಗುತ್ತಿದ್ದದ್ದು ಅದೇ. ಗೊತ್ತಿಲ್ಲ ಎಂದದ್ದು ಬಸ್ಸಿಗೆ ಹೊತ್ತಾಗಿತ್ತೆಂದು.

೧೫ ನವೆಂಬರ್, ಭಾನುವಾರ

ಶೆಡ್ಡಿನ ಬಾಗಿಲ ಮೇಲಿನ ಹಾಳೆಯ ಒಂದು ಮೂಲೆ ಎದ್ದಿತ್ತು. ಸರಿಯಾಗಿ ಅಂಟಿಸಬೇಕೆಂದು ಬಿಡಿಸಿ ತಂದೆ. ಮೇಜಿನ ಖಾನೆಯಲ್ಲಿದೆ.

೧೬ ನವೆಂಬರ್, ಸೋಮವಾರ

ಯಂತ್ರಕ್ಕೆ ಹಾಕಬಾರದ ಎಣ್ಣೆ ಹಾಕಲಾಗಿದೆ ಎಂದು ಮಡಿವಾಳಪ್ಪ ಹೇಳಿದ್ದನ್ನು ಹೊನ್ನನಿಗೆ ತಿಳಿಸಿದೆ. ಮಧ್ಯಾಹ್ನ ಅವನ ಹೆಂಡತಿ ದುರ್ಗಿ ಕಚೇರಿಯ ಮೆಟ್ಟಿಲ ಬಳಿ ಬಂದು ನಿಂತಳು. ಅವಳೂ ಇಲ್ಲಿಯೇ ಹುಲ್ಲು ಕೊಯ್ಯುವವಳು.

ಎಣ್ಣೆ ಮಾಡಿದ್ದು ತಾನು ಎಂದಳು. ತಪ್ಪು ಎಲ್ಲಾದರೂ ಆಗಿದ್ದರೆ ತನ್ನಿಂದ ಆಗಿರಬೇಕು, ಹೊನ್ನನಿಂದ ಅಲ್ಲ.

‘ನಮ್ ಗಾಡಿಗಾದ್ರೆ ಬೂದಿನ ಒಂದೇ ಸಲ ಸೋಸೂದು ಒಡ್ಯಾ. ಇದು ಸರ್ಕಾರದ್ದು ಅಂತ ಬಟ್ಟೇಲಿ ಎರಡ್ ಸಲ ಸೋಸಿದೆ. ಎಣ್ಣೆನೂ ಮೊದಲನೇ ಗಾಣದ್ದೇ ಹಾಕಿದ್ದು. ಮತ್ತೆ ಎಂತಕ್ಕೆ ಹಾಳಾಯ್ತು?’

ವಿಚಾರಣೆಯಲ್ಲಿ ಎಲ್ಲ ಗೊತ್ತಾಗುತ್ತದೆ ಎಂದೆ. ಎರಡು ದಿನದಿಂದ ಹೊನ್ನ ಉಂಡಿಲ್ಲ ಎಂದಳು. ಅವಳು ಹೋದ ಮೇಲೆ ತೂಕದ ಪುಸ್ತಕ ತೆಗೆದು ಹಿಂದಿನ ವರ್ಷದ ಅಂಕಿಗಳನ್ನು ಕೂಡಿದೆ. ಎರಡು ಸಲ ಕೂಡಿದೆ. ಎರಡು ಬೇರೆ ಮೊತ್ತ ಬಂತು.

೧೮ ನವೆಂಬರ್, ಬುಧವಾರ

ವರದಿಯ ಕರಡು ಆಯಿತು. ಮುಖ್ಯ ವಾಕ್ಯ: ‘ಯಂತ್ರದ ಕದಿರಿಗೆ ಅನುಚಿತವಾದ ಎಣ್ಣೆಯನ್ನು ಬಳಸಲಾಗಿದ್ದರಿಂದ ಸವೆತ ಉಂಟಾಗಿದೆ.’ ಒಂದು ಸುಳ್ಳೂ ಇಲ್ಲ. ಆಫೀಸಿನ ಕನ್ನಡದ ಒಂದು ಅನುಕೂಲವೆಂದರೆ ವಾಕ್ಯದೊಳಗೆ ಮನುಷ್ಯರು ಇರಬೇಕಾಗಿಲ್ಲ. ಬಳಸಲಾಗಿದೆ, ತಿಳಿಸಲಾಗಿದೆ, ತೆಗೆಯಲಾಗುವುದು. ಗುಡಿಸಿಟ್ಟ ಖಾಲಿ ಕೋಣೆಯ ಹಾಗೆ.

ಸಂಜೆಯ ಟಪಾಲಿಗೆ ಹಾಕಿದೆ.

ಗ್ರೀಸ್ ಎಂಬುದಕ್ಕೆ ಇನ್ನಾವ ಶಬ್ದವಿತ್ತು ಎಂದು ಯೋಚಿಸಿದೆ. ಜಿಡ್ಡು. ಮೇಣ. ಬಂಡಿಯೇ ನಮ್ಮ ಯಂತ್ರವಾಗಿದ್ದಾಗ ಅದರ ಕೀಲಿಗೆ ಹಚ್ಚಿದ್ದು ಕೀಲೆಣ್ಣೆ. ಯಾವ ವಿದ್ವಾಂಸನನ್ನು ಕೇಳಿದರೂ ಅದೇ ಸರಿ ಅನ್ನುತ್ತಾನೆ. ಶಬ್ದ ಸರಿಯಿತ್ತು. ಆ ಶಬ್ದಕ್ಕೆ ಈಗಾಗಲೇ ಒಂದು ವಸ್ತು ಇತ್ತು, ಅಷ್ಟೇ.

೨೦ ನವೆಂಬರ್, ಶುಕ್ರವಾರ

ಹೊನ್ನನನ್ನು ಕರೆದುಕೊಂಡು ಸಿರ್ಸಿಗೆ ಹೋದೆ. ಜೋಡಿಸುವವನು ಅವನೇ ತಾನೆ.

ಹೊಸ ಕದಿರು ತಯಾರಿತ್ತು. ಬಸ್ಸಿನ ಡೈನಮೊದಿಂದ ತೆಗೆದ ಎರಡು ಗೋಲಿಬಳೆ ಅದರ ಮೇಲೆ ಸರಿಯಾಗಿ ಕೂತವು. ಗೂಡಿನೊಳಗೆ ಇಳಿಸಿ ತಿರುಗಿಸಿದರೆ ಅರ್ಧ ಸುತ್ತಿಗೆ ಬಿಗಿ, ಅರ್ಧ ಸುತ್ತಿಗೆ ಸಡಿಲ. ಮಡಿವಾಳಪ್ಪ ಕದಿರನ್ನು ಮತ್ತೆ ಲೇತಿಗೆ ಏರಿಸಿ ಅಳೆದ. ಕದಿರು ನೆಟ್ಟಗೇ ಇತ್ತು. ಮತ್ತೆ ಇಳಿಸಿದ, ಮತ್ತೆ ಅದೇ. ಒಂದು ತಾಸು ಹೀಗೇ ಹೋಯಿತು. ಅವನ ಬೈಗುಳ ಯಾರನ್ನೂ ಗುರಿಯಿಡದೆ ಲೇತಿನ ಸುತ್ತ ತಿರುಗುತ್ತಿತ್ತು. ಇದು ಕೂಡದಿದ್ದರೆ ಬುಧವಾರದೊಳಗೆ ಇನ್ನೊಂದು ಕಡೆಯಲು ಆಗುವುದಿಲ್ಲ ಎಂದ.

ಹೊನ್ನ ಖಾಲಿ ಗೂಡನ್ನು ಎತ್ತಿ ಬೆಳಕಿಗೆ ಹಿಡಿದ. ಒಳಗೆ ಬೆರಳಾಡಿಸಿದ. ‘ತೂತೇ ಮೊಟ್ಟೆ ಆಗ್ಯದೆ ನೋಡಿ’ ಎಂದ. ಮಡಿವಾಳಪ್ಪ ಅಳೆದ. ಹೌದು, ಸವೆದು ಅಂಡಾಕಾರವಾಗಿತ್ತು. ಕೊರೆದು ದುಂಡಗೆ ಮಾಡಿ ಹಿತ್ತಾಳೆಯ ಬುಷ್ ಕೂರಿಸಬೇಕು, ಭಾನುವಾರ ತಾನೇ ತಂದು ಕೊಡುತ್ತೇನೆ ಎಂದ. ಆಮೇಲೆ ಹೊನ್ನನ ಕಡೆ ತಿರುಗಿದ.

‘ಕಣ್ಣು ಬೆರಳು ಇಷ್ಟು ಚುರುಕದಾವು. ಕೀಲೆಣ್ಣಿ ತುಂಬು ಅಂತ ನಿನಗ ಯಾರ್ ಹೇಳಿದ್ರಪಾ?’

‘ಕಾಗದ್ದಲ್ಲಿ ಇತ್ತು.’

‘ಯಾವ ಕಾಗದ?’

ಬಸ್ಸಿಗೆ ಹತ್ತೇ ನಿಮಿಷ ಉಳಿದಿದೆ ಎಂದು ನಾನು ಎದ್ದೆ. ಇಪ್ಪತ್ತೈದು ನಿಮಿಷ ಇತ್ತು.

ಬಸ್ಸಿನಲ್ಲಿ ಅವನು ಕೇಳಿದ, ಬಾಗಿಲಲ್ಲಿ ಕಾಗದ ಕಾಣುವುದಿಲ್ಲವಲ್ಲ ಎಂದು. ಅಂಟು ಬಿಟ್ಟಿತ್ತು, ಸರಿಮಾಡುತ್ತೇನೆ ಎಂದೆ. ‘ಅಡ್ಡಿಲ್ಲ ಒಡ್ಯಾ. ನಂಗೆ ಬಾಯಿಪಾಠ ಬರ್ತದೆ’ ಎಂದವನೇ ಒಂದನೆಯದರಿಂದ ಶುರು ಮಾಡಿದ. ಇಂಜಿನ್ನಿನ ಸದ್ದಿನ ಮೇಲೆ ಕೇಳಬೇಕೆಂದು ಗಟ್ಟಿಯಾಗಿ. ಮುಂದಿನ ಸೀಟಿನವರು ತಿರುಗಿ ನೋಡಿದರು. ಹನ್ನೊಂದು ಸೂಚನೆಯನ್ನೂ ಹೇಳಿದ. ಆರನೆಯದನ್ನು ಬಿಡಲಿಲ್ಲ, ಒತ್ತಿಯೂ ಹೇಳಲಿಲ್ಲ. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಒಂದು ಅಕ್ಷರ ತಪ್ಪಿರಲಿಲ್ಲ.

೨೩ ನವೆಂಬರ್, ಸೋಮವಾರ

ಮಡಿವಾಳಪ್ಪ ನಿನ್ನೆ ಬುಷ್ ಕೂರಿಸಿದ ಗೂಡು ತಂದುಕೊಟ್ಟು, ಊಟವನ್ನೂ ಮಾಡದೆ ಹೋದ. ಇಂದು ಜೋಡಣೆ. ಬೆಳಿಗ್ಗೆಯಿಂದ ನಾನು ಶೆಡ್ಡಿನಲ್ಲೇ ಇದ್ದೆ; ಕವಚವನ್ನು ಎತ್ತಿ ಹಿಡಿಯಲು ಇನ್ನೊಬ್ಬ ಬೇಕಿತ್ತು. ಬಲ ಕದಿರನ್ನೂ ಬಿಚ್ಚಿದೆವು. ಗೀರು ಬಿದ್ದಿತ್ತು, ಆದರೆ ಉಗುರು ಸಿಗುವಷ್ಟಲ್ಲ. ಅದನ್ನು ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದೆವು. ಮೂರನೆಯ ಸಲವೂ ತಳದಲ್ಲಿ ಬೂದಿ ನಿಂತಿತು.

ಉಗ್ರಾಣದಿಂದ ಗ್ರೀಸಿನ ಡಬ್ಬಿ ತಂದೆ. ಯಂತ್ರದ ಜೊತೆಯೇ ಬಂದದ್ದು; ಹಿಂದಿನ ಚಾಲಕ ಅರ್ಧ ಖರ್ಚು ಮಾಡಿದ್ದ. ಮೇಲಿನ ಬರಹವೆಲ್ಲ ಇಂಗ್ಲಿಷು. ಇದನ್ನು ಇಷ್ಟು ದಿನ ಎಂತ ಅಂದುಕೊಂಡಿದ್ದೆ ಎಂದು ಹೊನ್ನನನ್ನು ಕೇಳಿದೆ. ಬಣ್ಣ ಅಂದುಕೊಂಡಿದ್ದೆ ಎಂದ. ಬೆರಳಿಗೆ ಸ್ವಲ್ಪ ತೆಗೆದುಕೊಂಡು ಹೊಸಕಿದ, ಮೂಸಿದ. ಬಹಳ ಹೊತ್ತು ಹೊಸಕಿದ.

‘ಇದ್ರಲ್ಲಿ ಬೂದಿನೇ ಇಲ್ಲ.’

ಇಲ್ಲ ಎಂದೆ.

‘ಇದಕ್ಕೆ ಎಂತ ಅಂತಾರೆ ಒಡ್ಯಾ?’

‘ಗ್ರೀಸ್.’

‘ಹಂಗೇ ಬರೀಬೌದಿತ್ತು, ಅಲ್ದಾ?’

ಅವನು ನನ್ನನ್ನು ನೋಡಿ ಹೇಳಲಿಲ್ಲ. ಬಟ್ಟಲು ತುಂಬುತ್ತಾ ಹೇಳಿದ. ನಾನು ಕವಚವನ್ನು ಹಿಡಿದಿದ್ದೆ. ಕೈ ಬಿಡುವ ಹಾಗಿರಲಿಲ್ಲ.

ನಾಲ್ಕು ಗಂಟೆಗೆ ಚಾಲು ಮಾಡಿದೆವು. ಅಲಗುಗಳು ಕಾಣದಷ್ಟು ವೇಗವಾಗಿ ತಿರುಗಿದವು. ನಾಲ್ಕನೆಯ ತಾಕನ್ನು ಮುಗಿಸಿದೆವು. ಹುಲ್ಲು ಒಂದೇ ಮಟ್ಟಕ್ಕೆ ಬಂತು. ಹೊನ್ನ ಇಳಿದು ಸ್ಪಿಂಡಲಿನ ಗೂಡಿನ ಮೇಲೆ ಅಂಗೈ ಇಟ್ಟ, ಬಿಸಿಯಾಗಿದೆಯೇ ಎಂದು. ನಾನೂ ಇಟ್ಟೆ.

೨೫ ನವೆಂಬರ್, ಬುಧವಾರ

ಸಾಹೇಬರು ಹನ್ನೊಂದಕ್ಕೆ ಬಂದರು. ಯಂತ್ರ ಅವರ ಮುಂದೆ ಎರಡು ತಾಕು ಕತ್ತರಿಸಿತು. ಸಂತೋಷಪಟ್ಟರು, ಯಲ್ಲಾಪುರದ ಮಾತು ಬಿಟ್ಟರು. ಆಮೇಲೆ ಶೆಡ್ಡಿನ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ನನ್ನ ಕರಡನ್ನು ತೆಗೆದರು.

‘ಶಿವಲಿಂಗಪ್ಪನವರೇ, ಅನುಚಿತ ಎಣ್ಣೆಯನ್ನು ಬಳಸಲಾಗಿದೆ ಅಂತ ಬರೆದಿದ್ದೀರಿ. ಬಳಸಿದವರು ಯಾರು?’

ನಾನು ಬಾಯಿ ತೆರೆಯುವ ಮೊದಲೇ ಹೊನ್ನ ಮುಂದೆ ಬಂದ. ‘ನಾನು.’

ಏನು ಬಳಸಿದೆ ಎಂದರು. ಹೇಳಿದ. ಅವರು ಸಣ್ಣಗೆ ನಕ್ಕರು. ಜೊತೆಗೆ ಬಂದ ಗುಮಾಸ್ತನೂ ನಕ್ಕ. ಯಾರಾದರೂ ಹೇಳಿದ್ದರೋ, ನಿನ್ನದೇ ಬುದ್ಧಿಯೋ ಎಂದು ಕೇಳಿದರು.

ಹೊನ್ನ ಸುಮ್ಮನಿದ್ದ. ಹುಲ್ಲಿನಲ್ಲಿ ದುರ್ಗಿಯ ಕತ್ತಿಯ ಸದ್ದು ನಿಂತಿತ್ತು. ನನ್ನ ಗಂಟಲಿನಲ್ಲಿ ಒಂದು ವಾಕ್ಯ ಇತ್ತೆಂದು ಹೇಳಬಲ್ಲೆ, ಯಾವುದೆಂದು ಹೇಳಲಾರೆ. ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. ಚೌಕಶಿ ಮುಗಿಯಿತು ಎಂದರು.

ಜೀಪಿನವರೆಗೆ ಹೋದೆ. ‘ನಿಮ್ಮ ಪುಸ್ತಕ ಹತ್ತೂ ಕೇಂದ್ರಕ್ಕೆ ಹೋಗುತ್ತದೆ, ನಿಮ್ಮ ಬಡ್ತಿಗೂ ಅನುಕೂಲ’ ಎಂದರು. ‘ಈ ವರದಿಯನ್ನು ಶುಕ್ರವಾರದೊಳಗೆ ತಿದ್ದಿ ಕಳಿಸಿ. ಬಳಸಲಾಗಿದೆ ಅನ್ನುವುದು ನಡೆಯುವುದಿಲ್ಲ. ಒಬ್ಬನನ್ನು ತೆಗೆಯಬೇಕಾದರೆ ಮಾಡಿದವನ ಹೆಸರು ಬರೆಯಬೇಕು.’

೨೬ ನವೆಂಬರ್, ಗುರುವಾರ

ಬರೆಯಲಿಲ್ಲ.

೨೭ ನವೆಂಬರ್, ಶುಕ್ರವಾರ

‘ಹೊನ್ನನು ಕೀಲೆಣ್ಣೆಯನ್ನು ಬಳಸಿದನು.’ ಹೆಸರು ಹಾಕಿದರೆ ವಾಕ್ಯ ಅಲ್ಲಿಗೆ ನಿಲ್ಲುವುದಿಲ್ಲ. ಏಕೆ ಬಳಸಿದನು ಎಂದು ಮುಂದಿನ ಸಾಲು ತಾನಾಗಿ ಕೇಳುತ್ತದೆ. ಅಲಕ್ಷ್ಯದಿಂದ ಎಂದು ಬರೆದು ನೋಡಿದೆ. ಒಂದೂವರೆ ವರ್ಷ, ಪ್ರತಿದಿನ, ಎರಡು ಸಲ ಸೋಸಿದ ಅಲಕ್ಷ್ಯ. ಹೊಡೆದುಹಾಕಿದೆ. ಅಜ್ಞಾನದಿಂದ ಎಂದು ಬರೆದೆ. ಯಾರ ಅಜ್ಞಾನ ಎಂದು ಮತ್ತೆ ಬರೆಯಬೇಕಾಯಿತು. ಸೂಚನೆಯಂತೆ ಎಂದು ಬರೆದೆ. ಯಾರ ಸೂಚನೆ. ಐದು ಹಾಳೆ ಹೋದವು. ಎಲ್ಲಿಂದ ಹೊರಟರೂ ವಾಕ್ಯ ಈ ಮೇಜಿಗೇ ಬಂದು ಮುಟ್ಟುತ್ತಿತ್ತು.

ಕೊನೆಗೆ ಹೀಗೆ: ‘ಮೂಲ ಪುಸ್ತಕದಲ್ಲಿ ಗ್ರೀಸ್ ಎಂದಿರುವಲ್ಲಿ ನಾನು ಕೀಲೆಣ್ಣೆ ಎಂದು ಬರೆದೆ. ಹೊನ್ನ ನಾನು ಬರೆದುದನ್ನು ಒಂದು ದಿನವೂ ತಪ್ಪದೆ ಮಾಡಿದ. ಸಿರ್ಸಿಯಲ್ಲಿ ಕಾರಣ ತಿಳಿದ ಮೇಲೆ ಸೂಚನೆಯ ಹಾಳೆಯನ್ನು ಬಾಗಿಲಿನಿಂದ ತೆಗೆದವನೂ ನಾನೇ. ಇದೇ ಶಬ್ದ ಅಚ್ಚಿನಲ್ಲಿರುವ ಪುಸ್ತಕದ ಒಂಬತ್ತು ಕಡೆ ಇದೆ. ಅದನ್ನು ನಿಲ್ಲಿಸಬೇಕು.’

ಹಾಳೆಯನ್ನೂ ಜೊತೆಗಿಟ್ಟೆ. ಓದಿ ನೋಡಿದೆ. ಭಾಷೆ ಒರಟಾಗಿದೆ. ತಿದ್ದಲು ಕೂತರೆ ಟಪಾಲು ತಪ್ಪುತ್ತಿತ್ತು.

೧೨ ಡಿಸೆಂಬರ್, ಶನಿವಾರ

ಆದೇಶ ಬಂತು. ಹೊನ್ನನ ಮೇಲೆ ದೋಷವಿಲ್ಲ. ಖಾಯಂ ಮಾಡುವ ಕಾಗದ ಮುಂದೆ ಹೋಗಿದೆ. ಪುಸ್ತಕದ ಅಚ್ಚು ನಿಂತಿದೆ. ನಾನು ತಿಂಗಳ ಕೊನೆಯೊಳಗೆ ಯಲ್ಲಾಪುರದ ಕಚೇರಿಗೆ, ಟಪಾಲು ವಿಭಾಗಕ್ಕೆ. ಅಲ್ಲಿ ಬರೆಯುವ ಕೆಲಸ ಕಡಿಮೆ.

ಶೆಡ್ಡಿಗೆ ಹೋಗಿ ಹೊನ್ನನಿಗೆ ಓದಿ ಹೇಳಿದೆ. ಅವನು ಬೆಲ್ಟು ಬಿಗಿ ಮಾಡುತ್ತಿದ್ದ. ಕಾಗದ ಇಸಿದುಕೊಂಡು ತನ್ನ ಹೆಸರಿರುವ ಸಾಲನ್ನು ತಾನೇ ಓದಿಕೊಂಡ. ಮಡಚಿ ಕೊಟ್ಟ. ಅವನು ಕೈ ಮುಗಿಯುತ್ತಾನೆ ಅಂದುಕೊಂಡಿದ್ದೆ ಎಂದು ಈಗ ಬರೆಯುವಾಗ ತಿಳಿಯುತ್ತಿದೆ.

‘ಆ ಭಾನ್ವಾರ ನೀವು ಕಾಗದ ಕೀಳೂದ್ನ ದುರ್ಗಿ ಕಂಡಿದ್ಲು’ ಎಂದ. ‘ಅವತ್ತೇ ಬಂದು ಹೇಳಿದ್ಲು.’

ಹಾಗಾದರೆ ಸಾಹೇಬರ ಮುಂದೆ ಯಾಕೆ ಹೇಳಲಿಲ್ಲ ಎಂದೆ.

‘ನೀವು ಹೇಳ್ತ್ರಿ ಅಂತ ಕಾದೆ ಒಡ್ಯಾ. ಹತ್ತು ದಿನ ಕಾದೆ.’

ಇನ್ನೇನೋ ಹೇಳುವನೆಂದು ನಿಂತೆ. ಅವನು ಹತ್ತಿ ಕೂತು ಚಾಲು ಮಾಡಿದ. ಯಂತ್ರ ನನ್ನ ಕಡೆಗೇ ಮುಖ ಮಾಡಿ ನಿಂತಿತ್ತು. ನಾನು ಬಾಗಿಲಿಗೆ ಅಡ್ಡ ಇದ್ದೆ. ಪಕ್ಕಕ್ಕೆ ಸರಿದೆ.